ಅಣ್ಣನ ಹತ್ತು ಮಣಿ

ಆರಿಸಿದ ಮೇಣದ ಬತ್ತಿಯ ಹೊಗೆ ಮೂಗಿಗೆ ಬಿದ್ದರೆ ಸಾಕು, ನನಗೆ ಈಗಲೂ ಹಸಿವಾಗುತ್ತದೆ. ನಗಬೇಡಿ. ಹಾನುಬಾಳಿನ ಹತ್ತಿರ ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ನಲ್ಲಿ ಕೊನೆಯ ಮನೆ ನಮ್ಮದು. ಸಂಜೆಯ ಜಪಸರ ಮುಗಿದು, ಅಜ್ಜಿ ಬೆರಳಿಗೆ ಎಂಜಲು ಹಚ್ಚಿಕೊಂಡು ಬತ್ತಿ ಚಿವುಟುವ ತನಕ ಅಲ್ಲಿ ಯಾರಿಗೂ ತಟ್ಟೆ ಹಾಕುತ್ತಿರಲಿಲ್ಲ. ಒಲೆಯ ಮೇಲೆ ಒಣಮೀನಿನ ಸಾರು ಕುದಿಯುತ್ತ, ಅದರ ವಾಸನೆ ಒಳಗಿನಿಂದ ಬಂದು ನಮ್ಮ ಭಕ್ತಿಯನ್ನೆಲ್ಲ ಹಾಳು ಮಾಡುತ್ತಿತ್ತು. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಸಾಲು. ಮನೆಯಲ್ಲಿ ನಾವೂ ಐದು ಜನ. ಮೊದಲ ಸಾಲು ಅಪ್ಪನದು, ಆಮೇಲೆ ಅವ್ವ, ಅಜ್ಜಿ, ನಾಲ್ಕನೆಯದು ಅಣ್ಣ ಅಂತೋಣಿಯದು, ಕೊನೆಯದು ನನ್ನದು. ಯಾರ ಸರದಿಯೋ ಅವರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದವರು ಉಳಿದರ್ಧ ಹೇಳಿ ಉತ್ತರ ಕೊಡಬೇಕು. ಅಣ್ಣ ತನ್ನ ಹತ್ತು ಮಣಿಯನ್ನು ಉಸಿರು ಬಿಡದೆ ಓಡಿಸುತ್ತಿದ್ದ. "ಮೆಲ್ಲಗೆ ಹೇಳೋ ಮಾರಾಯ, ದೋಣಿಗಲ್ ಘಾಟಿಲಿ ಬ್ರೇಕ್ ಹೋದ ಲಾರಿ ಆಗೀಯ," ಎಂದು ಅಜ್ಜಿ ಬೈಯುತ್ತಿದ್ದಳು. ದೇವರಿಗೆ ಅರ್ಥವಾದರೆ ಸಾಕು ಎನ್ನುತ್ತಿದ್ದ ಅವನು.

ಅವ್ವನಿಗೆ ದೇವರು ಪೀಠದ ಮೇಲಿರುವುದಕ್ಕಿಂತ ಕೈಕಾಲಿನ ಹತ್ತಿರವೇ ಹೆಚ್ಚು ಇರುತ್ತಿದ್ದ. ಅನ್ನದ ಪಾತ್ರೆ ಮುಚ್ಚುವ ಮುಂಚೆ ಅದರ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು, ಕಾಫಿ ಹಣ್ಣಿನ ಮೂಟೆ ತಲೆಗೆ ಏರಿಸುವಾಗ "ಯೇಸಪ್ಪಾ," ಜಿಗಣೆ ಕಿತ್ತು ಎಸೆಯುವಾಗಲೂ "ಯೇಸಪ್ಪಾ." ಕಾಫಿ ಕುಯ್ಯುವ ಕಾಲದಲ್ಲಿ ಒಂದು ಗಿಡಕ್ಕೆ ಒಂದು ಪ್ರಾರ್ಥನೆ ಅವಳ ಲೆಕ್ಕ. ಜೊತೆಯ ಹೆಂಗಸರು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಊರ ಸುದ್ದಿ ಅರೆಯುತ್ತಿದ್ದರೆ ಇವಳು ತುಟಿ ಅಲ್ಲಾಡಿಸುತ್ತ ಕೊಂಬೆ ಬಗ್ಗಿಸುತ್ತಿದ್ದಳು. ಆದರೆ ಸುದ್ದಿ ಒಂದೂ ತಪ್ಪುತ್ತಿರಲಿಲ್ಲ, ಮನೆಗೆ ಬಂದು ಎಲ್ಲವನ್ನೂ ಅಜ್ಜಿಗೆ ಒಪ್ಪಿಸುತ್ತಿದ್ದಳು.

ಅಣ್ಣನಿಗೆ ಹತ್ತೊಂಬತ್ತು ತುಂಬಿದ ವರ್ಷ, ಕಾಳುಮೆಣಸು ಕುಯ್ಯುವಾಗ, ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಆನಿಸಿದ್ದ ಏಣಿ ಜಾರಿ ಬಿದ್ದ. ಸಕಲೇಶಪುರ ಮುಟ್ಟುವ ಮುಂಚೆಯೇ, ಜೀಪಿನಲ್ಲಿ, ಅವ್ವನ ತೊಡೆಯ ಮೇಲೆ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಸಂಜೆಯೂ ಅವ್ವ ಬತ್ತಿ ಹಚ್ಚಿದಳು. ಅಪ್ಪನ ಸಾಲು, ಅವಳ ಸಾಲು, ಅಜ್ಜಿಯ ಸಾಲು ಮುಗಿದವು. ಆಮೇಲಿನದು ಅಣ್ಣನ ಸರದಿ. ಒಂದು ಪ್ರಾರ್ಥನೆಯ ಅರ್ಧ ಹೇಳುವಷ್ಟು ಹೊತ್ತು ಅವ್ವ ತಲೆ ತಗ್ಗಿಸಿ ಕಾದಳು. ಕಾದು, ಅಣ್ಣ ಹೇಳಿ ಮುಗಿಸಿದನೇನೋ ಎಂಬಂತೆ, ಉತ್ತರದ ಅರ್ಧವನ್ನು ತಾನೊಬ್ಬಳೇ ಹೇಳಿದಳು. ಮಣಿ ಜರುಗಿಸಿ ಮತ್ತೆ ಕಾದಳು. ಹೀಗೆ ಹತ್ತು ಸಲ. ಮೂರನೆಯ ಮಣಿಗೆ ಅಜ್ಜಿಯೂ ಸೇರಿದಳು, ಆಮೇಲೆ ನಾನೂ. ಅಪ್ಪ ಮಾತ್ರ ಎದ್ದು ಹೊರಗೆ ಹೋದ. "ಸತ್ತೋನ ಬಾಯಿ ಕಾಯ್ಕೊಂಡು ಎಷ್ಟು ದಿನ ಕೂರ್ತೀಯೇ?" ಎಂದು ಒಂದು ದಿನ ಕೇಳಿಯೂ ಕೇಳಿದ. "ದೇವರತ್ರ ಹೋಗವ್ನೆ ಅಂತ ನೀನೇ ಹೇಳ್ತೀಯ. ಮತ್ತೆ ಬುಟ್ಟುಕೊಡು." ಅವ್ವ ಅಂದು ಸಂಜೆಯೂ ಹಾಗೆಯೇ ಕಾದಳು. ನಂಬಿಕೆ ಅವಳಿಗೆ ಇತ್ತು. ಬಿಟ್ಟುಕೊಡಲು ಮಾತ್ರ ಆಗಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹೋಗಿದ್ದರೆ ನಿಮಗೂ ಇದು ಗೊತ್ತಿರುತ್ತದೆ.

ನನಗಾಗ ಹನ್ನೆರಡು. ಆ ಮೌನ ತಡೆಯಲಾರದೆ ನಾನೊಂದು ದಡ್ಡ ಕೆಲಸ ಮಾಡಿದೆ. ಒಂದು ಸಂಜೆ ಅವ್ವ ಕಾಯಲು ಶುರು ಮಾಡಿದ ತಕ್ಷಣ ಅಣ್ಣನ ಹಾಗೆಯೇ ದಡದಡ ಹೇಳತೊಡಗಿದೆ, ಅವನ ಗಂಟಲನ್ನೇ ತಂದುಕೊಂಡು. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವ್ವ ಥಟ್ಟನೆ ತಲೆಯೆತ್ತಿದಳು. ಆ ಮುಖದಲ್ಲಿ ಒಂದು ಕ್ಷಣ ಎಂಥ ಆಸೆ ಇತ್ತೆಂದರೆ, ಅದನ್ನು ಬರೆಯಲು ನನಗೆ ಇಂದಿಗೂ ಕೈ ಬರುವುದಿಲ್ಲ. ಆಮೇಲೆ ಅವಳಿಗೆ ನಾನು ಕಂಡೆ. "ಅದು ಅವಂದು ಕಣೆ," ಎಂದಳು, ಅಷ್ಟೇ. ಜಪಸರ ನೆಲದ ಮೇಲಿಟ್ಟು ಅಡುಗೆಮನೆಗೆ ಹೋದಳು. ನಮ್ಮ ಮನೆಯಲ್ಲಿ ಪ್ರಾರ್ಥನೆ ನಡುವೆಯೇ ನಿಂತದ್ದು ಅದೊಂದೇ ದಿನ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಅಜ್ಜಿ ಹೋದಳು, ಅಪ್ಪನೂ ಹೋದ. ಅವರ ಸಾಲುಗಳನ್ನು ನಾವಿಬ್ಬರೂ ಹಂಚಿಕೊಂಡು ಹೇಳಿದೆವು, ನಾಲ್ಕನೆಯದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಲೈನ್ ಮನೆ ಬಿಟ್ಟು ಅವ್ವನನ್ನು ನಾನು ಆಲೂರಿಗೆ ಕರೆದುಕೊಂಡು ಬಂದೆ. ಆ ಲೈನನ್ನೂ ಈಗ ಕೆಡವಿ ಹೋಂಸ್ಟೇ ಕಟ್ಟಿದ್ದಾರಂತೆ. ನಾನು ನೋಡಲು ಹೋಗಿಲ್ಲ. ಹೋದ ವರ್ಷ ಅವ್ವ ಆಸ್ಪತ್ರೆ ಸೇರಿದಾಗ ಸಂಜೆ ಸಂಜೆ ಮಂಚದ ಪಕ್ಕ ಕೂತು ನಾನೇ ಹೇಳುತ್ತಿದ್ದೆ. ಒಂದು ದಿನ ಮೂರು ಸಾಲು ಮುಗಿಸಿ, ಎಂದಿನಂತೆ ಸುಮ್ಮನಾಗಿ ಕಾದೆ. ಅವ್ವ ಕಣ್ಣು ಬಿಟ್ಟಳು.

"ಯಾಕೆ ನಿಲ್ಲಿಸ್ದೆ? ಹೇಳು."

"ಅಣ್ಣಂದಲ್ವಾ ಅವ್ವ?"

"ಇನ್ಮೇಲೆ ನೀನೇ ಹೇಳು ಮಗಾ. ಅವಂದ್ನ ನಾನು ಅಲ್ಲೇ ಹೋಗಿ ಕೇಳ್ತೀನಿ."

ಮೂವತ್ತು ವರ್ಷ ಅವಳು ಬಿಡದೆ ಹಿಡಿದಿದ್ದ ಆ ಹತ್ತು ಮಣಿಗಳನ್ನು ನಾನು ಅಳುತ್ತಲೇ ಹೇಳಿದೆ. ಒಂದೊಂದಕ್ಕೂ ಅವ್ವ ಉತ್ತರ ಕೊಟ್ಟಳು. ಏಳನೆಯದಕ್ಕೆ ದನಿ ಇರಲಿಲ್ಲ, ತುಟಿ ಮಾತ್ರ ಆಡಿತು. ಮೂರನೆಯ ದಿನ ಬೆಳಿಗ್ಗೆ ಅವಳೂ ಹೋದಳು. ಈಗ ಸಂಜೆ ಒಬ್ಬಳೇ ಕೂತು ಮೊದಲರ್ಧವನ್ನೂ ನಾನೇ ಹೇಳುತ್ತೇನೆ, ಉತ್ತರವನ್ನೂ ನಾನೇ ಕೊಡುತ್ತೇನೆ. ಐದು ಸಾಲೂ ಈಗ ನನ್ನವೇ.