ನಿಂಬೆಕಾಯಿ ಆರಿಸುತ್ತಾ ಟೆನ್ಸ್ ಕಲಿಸಿದ ಗಿರಿಜಾ

ನಂಬಲು ಆಗುತ್ತಿಲ್ಲ ಗೆಳೆಯರೇ...
ಗಿರಿಜಾ ಹೋದಳು.

ಮೊನ್ನೆ ಸಂಜೆ ಫೋನಿನಲ್ಲಿ ನನ್ನ ಜೊತೆ ಜಗಳ ಆಡಿದವಳು...
ಇವತ್ತು ನಸುಕಿನಲ್ಲಿ ಎದೆನೋವು ಅಂತ ಎದ್ದು ಕುಳಿತಳಂತೆ.
ಆಸ್ಪತ್ರೆಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.
ಇದೆಂಥ ನ್ಯಾಯವೋ ದೇವರಿಗೇ ಗೊತ್ತು.

ಮಣ್ಣು ಮುಗಿಸಿಕೊಂಡು ಮುದ್ದೇಬಿಹಾಳದಿಂದ ಈಗಷ್ಟೇ ಬಾಗೇವಾಡಿಗೆ ವಾಪಸ್ ಬಂದೆ.
ಊಟ ಸೇರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಬಹಳ ಮಂದಿಗೆ ಅವಳು ಗೊತ್ತಿಲ್ಲ. ನೆಟ್ಟು ಗಿಟ್ಟು ಅವಳಿಗೆ ಬೇಕಿರಲಿಲ್ಲ.
ಇಂಡಿ ಊರಿನಲ್ಲಿ ನಮ್ಮಿಬ್ಬರದೂ ಒಂದೇ ಓಣಿ. ತೊಂಬತ್ತರ ದಶಕದ ಮಾತು.
ಎಸ್ಸೆಸ್ಸೆಲ್ಸಿಯಲ್ಲಿ ಇಬ್ಬರೂ ಫೇಲು... ನಾನು ಇಂಗ್ಲಿಷಿನಲ್ಲಿ, ಅವಳು ಗಣಿತದಲ್ಲಿ.
ಇಬ್ಬರ ಮನೆಯಲ್ಲೂ ಒಂದೇ ಮಾತು.
"ಅಕ್ಟೋಬರ್‌ದಾಗ ಪಾಸಾದ್ರ ಕಾಲೇಜು. ಇಲ್ಲಂದ್ರ ಲಗ್ನ."
ನನಗೆ ಓದಬೇಕಿತ್ತು. ಅಷ್ಟೇ.

ಬೆಳಿಗ್ಗೆ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ನಿಂಬೆಕಾಯಿ ಆರಿಸುವ ಕೆಲಸ.
ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ, ಕಲೆ ಬಿದ್ದದ್ದು ಇನ್ನೊಂದು ಕಡೆ.
ನನ್ನ ಇಂಗ್ಲಿಷ್ ಕ್ಲಾಸು ನಡೆದದ್ದೂ ಅಲ್ಲೇ.
ಗೈಡಿನಲ್ಲಿ ಮಾಡುತ್ತಿದ್ದೇನೆ, ಮಾಡಿದ್ದೇನೆ, ಮಾಡಿದೆನು ಅಂತ ಸಾಲಾಗಿ ಬರೆದಿತ್ತು... ನನಗೆ ಮೂರೂ ಒಂದೇ.
ಗಿರಿಜಾ ಗೈಡು ಕಸಿದು ಬದಿಗಿಟ್ಟಳು.

"ಅದು ನಮ್ಮ ಮಾತಲ್ಲ ಬಿಡು. ಮನ್ಯಾಗ ಹೆಂಗ ಅಂತೀವಿ ಹಂಗ ಹೇಳು. ಈಗ ಏನ ಮಾಡಾಕತ್ತಿ?"
"ನಿಂಬಿಕಾಯಿ ಆರಸಾಕತ್ತೇನಿ."
"ಐ ಆಮ್ ಪಿಕಿಂಗ್. ಇನ್ನೂ ನಡದೈತಿ ನೋಡು, ಅದಕ್ಕ. ಈ ಬುಟ್ಟಿ?"
"ಆರಿಸೇನಿ."
"ಐ ಹ್ಯಾವ್ ಪಿಕ್ಡ್. ಆರಿಸಿದ್ದು ಕಣ್ಣಮುಂದ ಐತಿ, ಹ್ಯಾವ್ ಹಚ್ಚು."
"ನಿನ್ನಿ ಆರಿಸಿದ್ನಿ ಅಂದ್ರ?"
"ನಿನ್ನಿ ಅಂದ್ಯಲ್ಲ, ಹ್ಯಾವ್ ಕೈಬಿಡು. ಐ ಪಿಕ್ಡ್. ಮುಗೀತು."

ಪಕ್ಕದಲ್ಲಿ ಕೂತು ಆರಿಸುತ್ತಿದ್ದ ಯಲ್ಲವ್ವಾಯಿ ಬಿಡುತ್ತಿರಲಿಲ್ಲ.
"ಗಿರಿಜವ್ವಾ, ನಿನ್ನ ಬಾಯಿ ಆರಸಾಕತ್ತೈತಿ, ಕೈ ಸುಮ್ನ ಕುಂತೈತಿ ನೋಡು."
ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಆ ನಗುವಿನ ನಡುವೆ ನನಗೆ ಇಂಗ್ಲಿಷ್ ಹತ್ತಿತು.

ಗಿರಿಜಾ...
ಮಧ್ಯಾಹ್ನ ನಾನು ನಿನಗೆ ಗಣಿತ ಹೇಳಿಕೊಡುತ್ತಿದ್ದೆ.
ಅಕ್ಟೋಬರ್‌ನಲ್ಲಿ ನಾನು ಪಾಸು. ನೀನು ಮತ್ತೆ ಗಣಿತದಲ್ಲೇ ಹೋದೆ.
ನಾನು ಗೊಳೋ ಎಂದು ಅತ್ತೆ. ನೀನು ಅಳಲಿಲ್ಲ.
"ಒಬ್ಬಾಕಿಯಾದ್ರೂ ಪಾರಾದ್ಲಲ್ಲ" ಅಂದೆ ನೀನು.
ಆ ಮಾತು ಇವತ್ತಿಗೂ ಕರುಳು ಹಿಂಡುತ್ತದೆ.

ನಾನು ಕಾಲೇಜಿಗೆ ಹೋದೆ. ನೀನು ಸೊಸೆಯಾಗಿ ಮುದ್ದೇಬಿಹಾಳಕ್ಕೆ.
ಸುಮ್ಮನೆ ಕೂಡುವ ಜಾತಿಯೇ ನೀನು?
ಮಗ ಹುಟ್ಟಿದ ಮೇಲೆ ಪರೀಕ್ಷೆ ಕಟ್ಟಿ ಗಣಿತ ಪಾಸ್ ಮಾಡಿದೆ.
ಆಮೇಲೆ ಫೇಲಾದ ಹುಡುಗಿಯರನ್ನೆಲ್ಲ ಅಂಗಳದಲ್ಲಿ ಕೂಡಿಸಿಕೊಂಡೆ.
ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಟೆನ್ಸ್ ಕೇಳುತ್ತಿದ್ದೆ, ತಪ್ಪಿದವರಿಗೆ ಶಿಕ್ಷೆ ಅಂತ ಒಂದು ಉಂಡಿ ಹಿಟ್ಟು ಕೊಟ್ಟು ರೊಟ್ಟಿ ಬಡಿಸುತ್ತಿದ್ದೆ.
ಅವರೆಲ್ಲ ನಿನ್ನನ್ನು ಟೀಚರ್ ಅಂದರು. ಗಣಿತಕ್ಕೆ ಮಾತ್ರ ಅವರನ್ನು ಫೋನಿನಲ್ಲಿ ನನ್ನ ಕೊರಳಿಗೆ ಗಂಟು ಹಾಕುತ್ತಿದ್ದೆ.

ಮೊನ್ನೆಯ ಜಗಳವೂ ಅದೇ ಅಲ್ಲವೇ... ರೇಣುಕಾಳದ್ದು.
ಒಮ್ಮೆ ಫೇಲಾದ ಹುಡುಗಿ. ಈ ಸಲ ಇಂಗ್ಲಿಷ್ ಹೋದರೆ ಅವರಪ್ಪ ಮದುವೆ ಮಾಡುವುದು ಖಚಿತ. ಗಂಡು ನೋಡಿಯೇ ಇಟ್ಟಿದ್ದಾನೆ.
"ನಿನ್ನ ಗಣಿತಕಿಂತ ನನ್ನ ಇಂಗ್ಲಿಷಿನ್ಯಾಗ ಆಕಿಗೆ ಮಾರ್ಕ್ಸ್ ಜಾಸ್ತಿ ಬರತಾವು, ಬರಕೊಂಡ ಕೂಡು" ಅಂತ ನೀನು ಪಂಥ ಕಟ್ಟಿದ್ದೆ.

ಇವತ್ತೇ ಆ ಇಂಗ್ಲಿಷ್ ಪೇಪರ್ ಇತ್ತು ಗೆಳೆಯರೇ.
ಬೆಳಿಗ್ಗೆ ನನಗೆ ಫೋನ್ ಮಾಡಿದವಳೂ ರೇಣುಕಾ.
"ಅಕ್ಕಾರ... ಟೀಚರ್ ಹ್ವಾದ್ರು. ನಾ ಪರೀಕ್ಷಿಗೆ ಹೋಗಂಗಿಲ್ರಿ."
ಅವಳ ಹಿಂದಿನಿಂದ ಗಿರಿಜಾಳ ಗಂಡ ಮಲ್ಲಣ್ಣನವರ ದನಿ ಕೇಳಿತು.
"ನಿಮ್ಮ ಟೀಚರ್ ಎದ್ದ ಕುಂತಿದ್ರ ಬೈದ ಕಳಸ್ತಿದ್ಲವಾ. ಎಲ್ಲಾರೂ ನಡೀರಿ. ನೀವು ಬರೂತನಾ ಮಣ್ಣು ಮಾಡಂಗಿಲ್ಲ."

ನಾನು ಹೋಗಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು.
ಗಿರಿಜಾಳನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ.
ಭಜನೆಯವರು ಹಾಡಿ ಹಾಡಿ ದಣಿದಿದ್ದರು. ಹಿರಿಯರು ಗೊಣಗತೊಡಗಿದರು.
"ಮಲ್ಲಣ್ಣಾ, ಇಂಥಾ ಬಿಸಲಾಗ ಎಷ್ಟೊತ್ತ ಇಟ್ಕೊಂಡ ಕೂಡ್ರೂದೋ?"
"ಪೇಪರ್ ಮುಗೀಲ್ರಿ ಕಾಕಾ" ಅಂದರು ಮಲ್ಲಣ್ಣ. "ಇವತ್ತ ಆಕಿದೂ ಪರೀಕ್ಷಿ ಐತಿ."
ಭಜನೆಯವರು ಚಹಾ ಕುಡಿದು ಮತ್ತೆ ಶುರು ಮಾಡಿದರು.

ಹುಡುಗಿಯರು ಪರೀಕ್ಷೆಯಿಂದ ನೆಟ್ಟಗೆ ಅಲ್ಲಿಗೇ ಬಂದರು.
ಕೈಯಲ್ಲಿ ಪ್ಯಾಡು, ಹಾಲ್ ಟಿಕೆಟ್ಟು... ಬೆವರಿಗೆ ಅಂಟಿದ ಕೂದಲು.
ಮಂದಿ ದಾರಿ ಬಿಟ್ಟರು.
ಎಲ್ಲರಿಗಿಂತ ಮುಂದೆ ರೇಣುಕಾ.
ಗಿರಿಜಾಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಾಯಿ ಬಡಿದುಕೊಂಡು ಅಳುತ್ತಾಳೆ ಅಂದುಕೊಂಡೆ.
ಅಳಲಿಲ್ಲ. ಕಿವಿಯ ಹತ್ತಿರ ಬಾಗಿದಳು.

"ಟೀಚರ್... ಪೇಪರ್ ಸರಳ ಇತ್ರಿ."

ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಮಲ್ಲಣ್ಣ ಆಗ ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತರು.

ಹೋಗಿ ಬಾ ಗಿರಿಜಾ...
ನಿನ್ನ ಜೀವ ತಣ್ಣಗಿರಲಿ.
ಶಿವ ನಿನ್ನನ್ನು ತನ್ನ ಮಗ್ಗುಲಲ್ಲಿ ಕೂಡಿಸಿಕೊಳ್ಳಲಿ.
🙏