ಚಪ್ಪರಕ್ಕೆ ಹೊಂದುವ ಲೆನ್ಸ್

ಪಾಂಡವಪುರದ ಬಸ್ ನಿಲ್ದಾಣದ ಹಿಂದೆ ಹದಿನೆಂಟು ವರ್ಷಗಳಿಂದ ಸ್ಟುಡಿಯೋ ನಡೆಸುತ್ತಿದ್ದ ಸಿದ್ದರಾಜು ಅವರ ಎಡ ಮಂಡಿ, 1996ರ ಮದುವೆ ಕಾಲ ಮುಗಿಯುವ ಹೊತ್ತಿಗೆ ಮಡಚಲು ಒಪ್ಪುತ್ತಿರಲಿಲ್ಲ. ಹೆಗಲ ಚೀಲದಲ್ಲಿ ಮೂರು ಲೆನ್ಸ್‌ಗಳಿದ್ದವು. ಇಕ್ಕಟ್ಟಿನ ಜಾಗಕ್ಕೆ 28, ಸಾಧಾರಣ ಚಿತ್ರಕ್ಕೆ 50, ಮುಖಗಳಿಗೆ 135. ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಅಗಲ ಹಿಡಿಯುತ್ತದೆ, ದೊಡ್ಡದಾದಷ್ಟೂ ದೂರದ್ದನ್ನು ಹತ್ತಿರ ತರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಜನರ ನಡುವೆಯೇ ಒಂದನ್ನು ಕಳಚಿ ಇನ್ನೊಂದನ್ನು ತಿರುಗಿಸಿ ಕೂರಿಸಬೇಕು.

ಆ ಬೇಸಿಗೆಯಲ್ಲಿ ಅರಕೆರೆಯ ಪುಟ್ಟಗೌರಮ್ಮನವರ ಮೊಮ್ಮಗಳು ರಮ್ಯಳ ಮದುವೆ ನಡೆಯಿತು. ಚಪ್ಪರ ಮನೆ ಮುಂದಿನ ಬೀದಿಯಲ್ಲೇ. ಹಸೆಯಿಂದ ಎದುರು ಮನೆಯ ಜಗಲಿಗೆ ಒಂಬತ್ತು ಅಡಿ. ಗಂಡು ಹೆಣ್ಣಿನ ಜೋಡಿಸಿದ ಕೈಗಳನ್ನು ಹತ್ತಿರದಿಂದ ಹಿಡಿಯಲು ಸಿದ್ದರಾಜು 135 ಹಾಕಿದ್ದರು. ಅಷ್ಟರಲ್ಲಿ ಅಜ್ಜಿ ಹಾಲಿನ ಚೆಂಬು ಹಿಡಿದು, ಮಕ್ಕಳು ಸೊಸೆಯರ ಜೊತೆ ಧಾರೆ ಎರೆಯಲು ಬಂದರು. ಕ್ಯಾಮೆರಾದಲ್ಲಿ ಕಂಡದ್ದು ಅಜ್ಜಿಯ ಒಂದು ಕಿವಿ. ಹಿಂದೆ ಸರಿದರೆ ಬೆನ್ನಿಗೆ ಜಗಲಿ ತಾಗಿತು. ಲೆನ್ಸ್ ಕಳಚಿ ಇನ್ನೊಂದನ್ನು ಹಾಕುವುದರೊಳಗೆ ಅಜ್ಜಿ ಎರೆದು ಇಳಿದಾಗಿತ್ತು.

"ಅವ್ವಾ, ಫೋಟೋಗೆ ಇನ್ನೊಂದ್ ತೊಟ್ಟು ಎರೀರಿ."

"ಏನ್ಲಾ ಅಂದೆ? ಆರ ಬೇಕಾದ್ರೆ ಅತ್ತು ಸಲ ಆಕ್ಸು. ಧಾರೆನ ಎಲ್ಡ್ ಸಲ ಎರ್ದಾರಾ? ಎಮ್ಮೆ ಕೆಚ್ಚಲಾ ಇದು, ಇನ್ನೊಂದ್ ಸಲ ಕರ್ಯಕ್ಕೆ?"

ಆಲ್ಬಮ್ಮಿನಲ್ಲಿ ಎಲ್ಲರ ಧಾರೆಯೂ ಇತ್ತು, ಅಜ್ಜಿಯದೊಂದನ್ನು ಬಿಟ್ಟು. ನೋಡಿದ ಬೀಗರು, ಅಜ್ಜಿ ಬಂದಿರಲಿಲ್ಲವೇ ಎಂದು ಕೇಳಿದರು. ಪುಟ್ಟಗೌರಮ್ಮ ಬಸ್ಸು ಹತ್ತಿ ಸ್ಟುಡಿಯೋಗೇ ಬಂದರು.

"ಮಾಘದಲ್ಲಿ ಇನ್ನೊಬ್ಳು ಮೊಮ್ಮಗಳು ಮೇಘನಂದು ಅದೆ. ಆವತ್ತೂ ನಾನು ಕಾಣ್ನಿಲ್ಲ ಅಂದ್ರೆ ನಮ್ ನೆಂಟ್ರುಗಳ ಮದ್ವೆಗೆಲ್ಲ ಕೆಆರ್ ಪೇಟೆ ಫೋಟೋದೋರ್ನೇ ಕರಿಸ್ತೀನಿ ಕಣ್ಲಾ."

ಆ ಮನೆಯ ನೆಂಟರ ಮದುವೆಗಳೇ ಸಿದ್ದರಾಜು ಅವರ ವರ್ಷದ ಅರ್ಧ ಕೆಲಸ. ಒಂದೇ ಲೆನ್ಸಿನಲ್ಲಿ ಇಡೀ ಮದುವೆ ಮುಗಿಸಬೇಕೆಂದು ಅವರು ಮೈಸೂರಿಗೆ ಹೋದರು. ಅಂಗಡಿಯ ಶಂಕರ್, ಕಳಚದೆ ತಿರುಗಿಸಿಯೇ ಸಂಖ್ಯೆ ಬದಲಿಸಬಹುದಾದ ಎರಡು ಜೂಮ್ ಲೆನ್ಸ್‌ಗಳನ್ನು ಮುಂದಿಟ್ಟರು: ಒಂದು 28ರಿಂದ 70, ಇನ್ನೊಂದು 35ರಿಂದ 135.

"ದೊಡ್ಡದು ತಗೊಳ್ಳಿ ಸಿದ್ದರಾಜಣ್ಣ. ಕುರ್ಚಿ ಹಾಕ್ಕೊಂಡು ಕೂತ್ರೂ ಹೆಣ್ಣಿನ ಮೂಗುಬೊಟ್ಟು ಹತ್ರ ಬರತ್ತೆ. ನಿಮ್ಮ ಮಂಡಿಗೆ ಇದಕ್ಕಿಂತ ಔಷಧಿ ಇಲ್ಲ."

ಸಿದ್ದರಾಜು ಅದನ್ನು ಹಾಕಿ ತಿರುಗಿಸಿದರು. ಕೂತಲ್ಲೇ ಬೀದಿಯಾಚೆಯ ಹೂವಿನವಳ ಮುಖ ತುಂಬಿಕೊಂಡಿತು. ಕ್ಯಾಮೆರಾವನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಆಮೇಲೆ ಎದ್ದು, ಅಂಗಡಿಯಲ್ಲಿದ್ದ ಏಳು ಜನರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ನೆಲದ ಒಂದಡಿ ಕಲ್ಲುಗಳನ್ನು ಒಂಬತ್ತರವರೆಗೆ ಎಣಿಸಿ ನಿಂತರು.

"ಏನಣ್ಣ, ನಮಗೇ ಧಾರೆ ಎರೆಸ್ತೀರಾ?" ಎಂದರು ಶಂಕರ್.

35ರಲ್ಲಿ ಎರಡೂ ತುದಿಯವರ ಅರ್ಧ ಮೈ ಹೊರಗೆ ಉಳಿಯಿತು. 28ರಲ್ಲಿ ಏಳು ಜನರೂ ಬಂದರು, ಪಕ್ಕದಲ್ಲಿ ಗೇಣಷ್ಟು ಗೋಡೆಯೂ ಬಂತು.

"ಚಿಕ್ಕದೇ ಕೊಡಿ," ಎಂದರು ಸಿದ್ದರಾಜು. "ಮುಖ ದೊಡ್ಡದು ಬೇಕು ಅಂದ್ರೆ ನಾನೇ ಅತ್ರುಕ್ಕೆ ಓಗ್ಬೋದು. ಅವ್ರ ಎದುರು ಮನೆನ ಇಂದಕ್ಕೆ ತಳ್ಳಕ್ಕಾಯ್ತದಾ?"

"ಮಂಡಿ?"

"ಅದು ಎಂಗೂ ನೋಯ್ತದೆ ಬುಡಿ."

ಮಾಘದಲ್ಲಿ ಅದೇ ಚಪ್ಪರ, ಅದೇ ಜಗಲಿ. ಸಿದ್ದರಾಜು ಜಗಲಿಗೆ ಬೆನ್ನು ಕೊಟ್ಟು, ಲೆನ್ಸನ್ನು 28ಕ್ಕೆ ತಿರುಗಿಸಿ ಕಾದರು. ಪುಟ್ಟಗೌರಮ್ಮ ಆರು ಜನರ ಜೊತೆ ಬಂದರು. ಹಾಲು ಬೀಳುವಾಗ ಒಂದು ಚಿತ್ರ, ತಪ್ಪಿದರೆ ಇರಲೆಂದು ಇನ್ನೊಂದು. ಅದಾದ ಮೇಲೆ ಕೈಗಳಿಗೆಂದು 70ಕ್ಕೆ ತಿರುಗಿಸಿದರು. ಅದು ಸಾಲಲಿಲ್ಲ. ಹತ್ತಿರ ಹೋಗಿ ಮಂಡಿಯೂರಿದರು. ಏಳುವಾಗ ಚಪ್ಪರದ ಕಂಬ ಹಿಡಿದುಕೊಳ್ಳಬೇಕಾಯಿತು. ಮದುವೆ ಮುಗಿಯುವುದರೊಳಗೆ ಹಾಗೆ ಹನ್ನೊಂದು ಸಲ. ಹಿಂದೆ 135ರಲ್ಲಿ ನಿಂತೇ ತೆಗೆಯುತ್ತಿದ್ದ ಚಿತ್ರಗಳವು.

ಆಲ್ಬಮ್ ತಲುಪಿಸಿದ ದಿನ ಅಜ್ಜಿ ಬೇರೆ ಯಾವ ಹಾಳೆಯನ್ನೂ ನೋಡದೆ ಧಾರೆಯ ಹಾಳೆಗೆ ಬಂದರು. ಕಣ್ಣಿನ ಹತ್ತಿರ ಹಿಡಿದರು.

"ಮುಖ ಎಳ್ಳಷ್ಟು ಬಂದದಲ್ಲೋ."

"ಏಳು ಜನ ಅವ್ರಲ್ಲವ್ವಾ."

"ಊಂ. ಕೈಲಿ ಚೆಂಬದೆ. ಆಲು ಬೀಳ್ತಾ ಅದೆ." ಆಲ್ಬಮ್ ಮುಚ್ಚಿದರು. "ಬಂದಿದ್ಲು ಅಂತಾರೆ ಬುಡು. ವೈಶಾಖದಲ್ಲಿ ನನ್ ತಮ್ಮನ ಮಗಳದು, ನಾಗಮಂಗಲದಿಂದಾಚೆ. ನೀನೇ ಬಾ."

"ಬಸ್ಸು ಊರೊಳಕ್ಕೆ ಓಯ್ತದಾ ಅವ್ವಾ?"

"ಎಲ್ಲಿ ಬಸ್ಸು! ಎರಡು ಮೈಲಿ ನಡೀಬೇಕು ಕಣಪ್ಪ."

ಸಿದ್ದರಾಜು ಡೈರಿ ತೆಗೆದು ತಾರೀಖು ಬರೆದುಕೊಂಡರು.