ಟಿಕ್ಕಿನ ಉದ್ದ

ಮೋರಖಂಡಿಯ ಹಾದಿಗೆ ನನ್ನ ತಮ್ಮನ ತೊಗರಿ ಹೊಲ. ಕಾಡುಹಂದಿಯ ಕಾಟಕ್ಕೆ ಸುತ್ತಲೂ ತಂತಿ ಎಳೆದು ಝಟಕಾ ಮಷೀನು ಕೂಡಿಸಿದ್ದಾನೆ. ಬ್ಯಾಟರಿಯ ಮೇಲೆ ನಡೆಯುವ ಪೆಟ್ಟಿಗೆ ಅದು. ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತದೆ, ಆ ಒಂದು ಕ್ಷಣ ಮಾತ್ರ ತಂತಿಯಲ್ಲಿ ಕರೆಂಟು. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದಕ್ಕೆ ಜಿಗಿಯಬೇಕು, ಸಾಯಬಾರದು.

ಮಷೀನು ಸರಿ ಇದೆ ಅಂತ ತಿಳಿಯುವುದು ಹ್ಯಾಂಗ ಎಂದು ತಂದ ದಿನವೇ ತಮ್ಮ ಕೇಳಿದ್ದ. ಬಸವಕಲ್ಯಾಣದಲ್ಲಿ ಅಷ್ಟು ವರ್ಷ ಸೈನ್ಸ್ ಕಲಿಸಿ ರಿಟೈರ್ ಆದವಳು ನಾನು. ಸ್ವಲ್ಪ ಜಂಬದಿಂದಲೇ ಹೇಳಿದೆ: ಗಡಿಯಾರ ಹಿಡಿದು ಎಣಿಸು, ನಿಮಿಷಕ್ಕೆ ಅರವತ್ತು ಬಂದರೆ ಫ್ರೀಕ್ವೆನ್ಸಿ ಸರಿ, ಮಷೀನೂ ಸರಿ. ಅಂದಿನಿಂದ ಅವನು ದಿನಾ ಬದುವಿನ ಮೇಲೆ ಕೂತು ಎಣಿಸುತ್ತಿದ್ದ, ಜಪದ ಹಾಗೆ.

ಮಳೆಗೆ ಮಷೀನು ಕೆಟ್ಟಿತು. ಹುಮನಾಬಾದಿನಲ್ಲಿ ರಿಪೇರಿ ಮಾಡಿಸಿ ತಂದ. ಎಣಿಸಿದ. ಅರವತ್ತು.

ಎಂಟು ದಿನದ ಮೇಲೆ ಒಂದು ಮುಂಜಾನೆ ಹಸಿ ತೊಗರಿಕಾಯಿ ಹರಿಯಲು ನಾನೂ ಹೊಲಕ್ಕೆ ಹೋಗಿದ್ದೆ. ದಿನಾ ಆ ಬದುವಿನ ಮೇಲೆ ಆಡು ಮೇಯಿಸುವ ಒಬ್ಬಾಕೆ ಇದ್ದಾಳೆ. ಒಣ ಕೋಲಿನಿಂದ ತಂತಿ ಎತ್ತಿ ಬಗ್ಗಿ ನುಸುಳುವುದು ಅವಳ ರೂಢಿ. ಬರಿಗಾಲು, ಇಬ್ಬನಿಗೆ ತೊಯ್ದ ಸೀರೆ. ಅವತ್ತು ಅವಳಿಗಿಂತ ಮುಂದೆ ಓಡಿದ ಆಡಿನ ಮರಿ ತಂತಿಗೆ ತಗುಲಿತು. ಜಿಗಿಯಲಿಲ್ಲ. ಕುತ್ತಿಗೆ ಸೆಟೆದು, ಬಾಯಿ ತೆರೆದು, ಅಲ್ಲೇ ನಿಂತು ನಡುಗಿತು. ಆಮೇಲೆ ಬಿದ್ದು, ಎದ್ದು, ತೂರಾಡುತ್ತ ಹೋಯಿತು.

ಆಕೆ ಕೋಲು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಮೊದ್ಲ ಹೊಡೀತಿತ್ತರಿ ಅಕ್ಕೋರ. ಈಗ ಹಿಡೀತದ."

ನನಗೆ ಹಳೆಯ ಪಾಠವೊಂದು ನೆನಪಾಯಿತು. ಕಾನ್ವೆಂಟಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಸಿಸ್ಟರ್ ಸೆಕೆಂಡಿಗೆ ಎಷ್ಟು ಸಲ ಅಂತ ಮಾತ್ರ ಹೇಳಿದರೆ ಒಪ್ಪುತ್ತಿರಲಿಲ್ಲ. ಎಷ್ಟು ಹೊತ್ತು ಆನ್, ಎಷ್ಟು ಹೊತ್ತು ಆಫ್, ಅದನ್ನೂ ಹೇಳು ಅನ್ನುತ್ತಿದ್ದರು. ತಮ್ಮನಿಗೆ ನಾನು ಕಲಿಸಿದ್ದು ಅರ್ಧ ಪಾಠ. ಆ ಅರ್ಧವನ್ನು ಅವನು ನಂಬಿದ್ದಕ್ಕೆ ಈಕೆ ಎಂಟು ದಿನ ತಂತಿಯ ಕೆಳಗೆ ಬೆನ್ನು ಬಗ್ಗಿಸಿದ್ದಾಳೆ. ಕೋಲು ಒಂದು ದಿನ ಹಸಿಯಾಗಿದ್ದರೆ?

ಮಷೀನು ಬಿಚ್ಚು ಅಂದರೆ ತಮ್ಮ ಒಪ್ಪಲಿಲ್ಲ. ಒಂದು ರಾತ್ರಿ ಸಾಕು, ಹಂದಿ ಹೊಲ ಮುಗಿಸ್ತಾವ ಅಂದ. "ಅರವತ್ತ ಅದಾವಲ್ಲ ಅಕ್ಕಾ. ನೀನ ಹೇಳಿದ್ದಿ." ಪೆಟ್ಟಿಗೆಯ ಪಕ್ಕ ಕಲ್ಲಿನ ಮೇಲೆ ಕೂತುಬಿಟ್ಟೆ, ಅವನು ಬ್ಯಾಟರಿ ಬಿಚ್ಚುವ ತನಕ.

ತಮ್ಮನ ಜೊತೆ ಬಸ್ಸು ಹತ್ತಿದೆ. ಹುಮನಾಬಾದಿನ ತನಕ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಕರೆಂಟಿಲ್ಲ ಅಂತ ಗೊತ್ತು, ಆದರೂ ಪ್ರತಿ ಸೆಕೆಂಡಿಗೆ ಮೈ ಜುಮ್ ಅನ್ನುತ್ತಿತ್ತು.

ರಿಪೇರಿ ಮಾಡಿದ್ದ ಮೆಕ್ಯಾನಿಕ್, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಹಳೆಯ ಆಸಿಲೋಸ್ಕೋಪಿಗೆ ಅದನ್ನು ಜೋಡಿಸಿದ. ಸ್ಕ್ರೀನಿನ ಮೇಲೆ ಚೌಕಗಳು, ಒಂದೊಂದೂ ಇನ್ನೂರು ಮಿಲಿಸೆಕೆಂಡ್. ಒಂದು ಟಿಕ್ಕಿನ ಪಲ್ಸ್ ಏಳುವಲ್ಲಿಂದ ಮುಂದಿನದು ಏಳುವಲ್ಲಿಗೆ ಐದು ಚೌಕ. ಅಂದರೆ ಪೀರಿಯಡ್ ಸಾವಿರ ಮಿಲಿಸೆಕೆಂಡ್, ಒಂದು ಸೆಕೆಂಡು. ಒಂದನ್ನು ಅದರಿಂದ ಭಾಗಿಸಿದರೆ ಫ್ರೀಕ್ವೆನ್ಸಿ ಒಂದು ಹರ್ಟ್ಸ್. ತಮ್ಮನ ಅರವತ್ತು ಸುಳ್ಳಲ್ಲ. ಆದರೆ ಕೂದಲೆಳೆಯಂತೆ ನಿಲ್ಲಬೇಕಾದ ಪಲ್ಸ್ ಗೋಡೆಯಂತೆ ನಿಂತಿತ್ತು, ಒಂದೂಕಾಲು ಚೌಕದಷ್ಟು ಅಗಲ. ಇನ್ನೂರೈವತ್ತು ಮಿಲಿಸೆಕೆಂಡ್. ಹತ್ತು ಮೀರಬಾರದು ಅಂತ ಪೆಟ್ಟಿಗೆಯ ಮುಚ್ಚಳದೊಳಗೇ ಬರೆದಿದೆ.

ಒಂದು ಚೀಟಿಯ ಹಿಂದೆ ಬರೆದೆ. ಆನ್ ಇದ್ದ ಹೊತ್ತನ್ನು ಪೀರಿಯಡ್ಡಿನಿಂದ ಭಾಗಿಸಬೇಕು, ಅದೇ ಡ್ಯೂಟಿ ಸೈಕಲ್. ಒಂದು ಪರ್ಸೆಂಟಿನೊಳಗೆ ಇರಬೇಕಾದದ್ದು ಇಪ್ಪತ್ತೈದು. ಮೂರು ಸಲ ಮಾಡಿದೆ. ಬೋರ್ಡಿನ ಮೇಲೆ ಎಷ್ಟು ಸಾವಿರ ಸಲ ಮಾಡಿದ ಲೆಕ್ಕ. ಉತ್ತರ ತಪ್ಪಾಗಿರಲಿ ದೇವರೇ ಅಂತ ಬೇಡಿಕೊಂಡದ್ದು ಅವತ್ತೇ ಮೊದಲು.

"ಜೋರ ಮಾಡು ಅಂತ ನಿಮ್ಮ ತಮ್ಮನೇ ಅಂದಾರ್ರಿ ಅಮ್ಮಾ," ಮೆಕ್ಯಾನಿಕ್ ಮೆಲ್ಲಗೆ ಹೇಳಿದ. ಆನ್ ಹೊತ್ತು ಬೆಳೆಸಿ, ಆಫ್ ಹೊತ್ತು ಅಷ್ಟೇ ಕತ್ತರಿಸಿದ್ದನಂತೆ, ಟಿಕ್ ಲೆಕ್ಕ ಕೆಡದ ಹಾಗೆ. ತಮ್ಮ ತನ್ನ ಚಪ್ಪಲಿ ನೋಡುತ್ತ ನಿಂತ. ನಾನು ಬೈಯಲಿಲ್ಲ. ಬೈಯಲು ಯಾವ ಮುಖ?

ಪಲ್ಸನ್ನು ಐದು ಮಿಲಿಸೆಕೆಂಡಿಗೆ ಇಳಿಸಿ ಕೊಟ್ಟ. ಅರ್ಧ ಪರ್ಸೆಂಟ್. ಅದನ್ನೂ ಸ್ಕ್ರೀನಿನ ಮೇಲೆ ಹಿಗ್ಗಿಸಿ, ಕಣ್ಣಾರೆ ನೋಡಿಯೇ ಎದ್ದೆ.

ಸಂಜೆ ಹೊಲದಲ್ಲಿ ಮಷೀನು ಜೋಡಿಸಿ ತಮ್ಮ ಒಂದು ಹಸಿ ಹುಲ್ಲಿನ ಎಸಳು ಕಿತ್ತ. ತಂತಿ ಪರೀಕ್ಷೆ ಮಾಡುವುದು ಇಲ್ಲೆಲ್ಲ ಹಾಗೆಯೇ. ನಾನು ಅದನ್ನು ಅವನ ಕೈಯಿಂದ ಕಸಿದುಕೊಂಡೆ. ಈ ವಯಸ್ಸಿನಲ್ಲಿ ಬೇಡ ಅಂದ. ಲೆಕ್ಕ ನನ್ನದು, ಕೈಯೂ ನನ್ನದೇ ಇರಲಿ ಅಂದೆ. ನನ್ನೆದೆ ಎಷ್ಟು ಹೊಡೆದುಕೊಳ್ಳುತ್ತಿತ್ತು ಅಂದರೆ ಮಷೀನಿನ ಟಿಕ್ ಕೇಳಿಸಲೇ ಇಲ್ಲ. ಎಸಳಿನ ತುದಿ ತಂತಿಗೆ ಮುಟ್ಟಿಸಿದೆ. ಮೊಣಕೈ ಎಗರಿತು, ಹುಲ್ಲು ಎಲ್ಲೋ ಹಾರಿತು.

"ಅಕ್ಕೋರ ಕುಣದ್ರ ನೋಡ್ರಿ," ಅಂತ ಬದುವಿನ ಮೇಲೆ ನಿಂತಿದ್ದ ಆಡಿನಾಕೆ ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ಬಿಟ್ಟದೇನ್ರಿ?"

"ಬಿಟ್ಟದವ್ವಾ."

ತಲೆಯಾಡಿಸಿದಳು. ಆಡುಗಳನ್ನು ಕರೆದು, ತಂತಿಯ ಕಡೆ ತಿರುಗದೆ, ಹೊಲವನ್ನೆಲ್ಲ ಸುತ್ತುವ ಬಂಡಿದಾರಿ ಹಿಡಿದಳು. ಇವತ್ತಿಗೂ ಅದೇ ದಾರಿ. ನಾನೂ ಈ ಕಡೆ ಬಾ ಅಂತ ಕರೆದಿಲ್ಲ. ಅವಳ ಒಣ ಕೋಲು ಬದುವಿನ ಮೇಲೆ ಇಟ್ಟಲ್ಲೇ ಇದೆ.